ಸೀಮೆಸುಣ್ಣದ ಗೆರೆ

ಸೆರೆಬ್ರಲ್ ಪಾಲ್ಸಿ ಇರುವ ನನ್ನ ಮಗಳಿಗೆ ನಡಿಗೆ ಕಲಿಸಲು ಫಿಜಿಯೋಥೆರಪಿ ಮೇಡಂ ಪ್ರತಿ ಗುರುವಾರ ಸುರಪುರದಿಂದ ಬೋನಾಳಕ್ಕೆ ಬರುತ್ತಿದ್ದರು. ಬಂದವರೇ ಗೋಡೆಗೆ ಒರಗಿ, ಮೊದಲು ತಮ್ಮ ಮೊಣಕಾಲನ್ನೇ ತಿಕ್ಕಿಕೊಳ್ಳುತ್ತಿದ್ದರು. ಮಗಳು ಆಸರೆಯಿಲ್ಲದೆ ನಡೆದು ಕುಸಿದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದು, “ಇರ್ಲಿ, ಮುಂದಿನ ವಾರ ನೋಡೂಣ್ರಿ” ಎನ್ನುತ್ತಿದ್ದರು. ವಾರವಿಡೀ ಆ ಗೆರೆ ಕಾಯುವುದು ನನ್ನ ಕೆಲಸ.

ಒಂದು ಗುರುವಾರ, ಮನೆಗೆ ಬರುವವರಿದ್ದಾರೆಂದು, ಗೆರೆ ಮರೆತು, ರೂಢಿಯಂತೆ ನೆಲ ಒರೆಸಿಬಿಟ್ಟೆ.

ಮೇಡಂ ಬೈಯಲಿಲ್ಲ. ಬ್ಯಾಗು ಹೆಗಲಲ್ಲಿದ್ದಂತೆಯೇ ನೆಲದ ಮೇಲೆ ಕೂತರು. “ಎಲ್ಲೀತನ ಇತ್ರಿ?”

ನಾನು ಹೊಸ್ತಿಲ ಹತ್ತಿರ ತೋರಿಸಿದೆ.

ಮಗಳು ತೆವಳಿ ಬಂದು, ನಾನು ತೋರಿಸಿದ್ದಕ್ಕಿಂತ ಒಂದು ಗೇಣು ಹಿಂದೆ ಬೆರಳಿಟ್ಟಳು. “ಇಲ್ಲೀತನ ಅಷ್ಟ, ಯವ್ವ.”

ಮೇಡಂ ನನ್ನ ಮುಖ ನೋಡಲಿಲ್ಲ. “ಇರ್ಲಿ” ಎಂದು, ಅವಳ ಬೆರಳಿದ್ದಲ್ಲೇ ಗೆರೆ ಎಳೆದರು.