ಗೊಂಬೆ ಬೀಳಲಿ ಅಂದರು, ಪದ್ಮಶ್ರೀ ಏಣಿ ಹತ್ತಿದರು

ಜಡಿಗೇನಹಳ್ಳಿಯಲ್ಲಿ ಆಗಷ್ಟೇ ಕೋಳಿ ಕೂಗಿದೆ. ಮನೆ ಮುಂದಿನ ಬಲ್ಬಿನ ಬೆಳಕಿನಲ್ಲಿ ಪದ್ಮಶ್ರೀ ಗೋಣಿಚೀಲಗಳಿಗೆ ರಾಗಿ ಹುಲ್ಲು ತುಂಬುತ್ತಿದ್ದಾರೆ. ಹುಲ್ಲನ್ನು ಕೊಡವಿ, ಸಿಕ್ಕು ಬಿಡಿಸಿ, ಕಲ್ಲು ಕಡ್ಡಿ ಕಂಡರೆ ಆಚೆ ಎಸೆದು ತುಂಬುತ್ತಾರೆ. ಬಾಯಿ ಹೊಲಿದ ಮೇಲೆ ಚೀಲದ ಕಡೆಗೆ ಬೆನ್ನು ಮಾಡಿ ನಿಂತು ಧೊಪ್ಪನೆ ಬಿದ್ದು ನೋಡುತ್ತಾರೆ. ಡೇರಿಗೆ ಹಾಲು ಹಾಕಲು ಹೊರಟ ಪಕ್ಕದ ಮನೆಯ ಅಮ್ಮಯಮ್ಮ ತಿರುಗಿಯೂ ನೋಡುವುದಿಲ್ಲ. ಊರಿಗೆ ಇದು ಹಳೆಯ ಸಮಾಚಾರ.

ಬೀಳುವುದೇ ಪದ್ಮಶ್ರೀ ಅವರ ಕಸುಬು. ನೆಲಮಂಗಲ ತಾಲ್ಲೂಕಿನ ಸೋಂಪುರದ ಕಾರ್ಖಾನೆಗಳಲ್ಲಿ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳಲು ಅವರು ಮೂಕಿ ಆಟ ಆಡುತ್ತಾರೆ. ಖಾಕಿ ಚಡ್ಡಿ, ತಲೆಗೆ ರುಮಾಲು, ಅಂಟಿಸಿದ ಗಿರಿಜಾ ಮೀಸೆ. ಸುಣ್ಣ ಬಳಿಯುವವನ ವೇಷದಲ್ಲಿ ಏಣಿ ಹೊತ್ತು ಬರುತ್ತಾರೆ. ಏಣಿ ಅತ್ತ ತಿರುಗಿದರೆ ಅತ್ತ ಕೂತವರು ತಲೆ ತಗ್ಗಿಸಬೇಕು, ಇತ್ತ ತಿರುಗಿದರೆ ಇತ್ತ ಕೂತವರು. ಸುಣ್ಣದ ಬಕೆಟ್ಟು ಗಂಡ ಕೆಂಪರಾಜು ಅವರ ತಲೆಗೆ ಕವುಚಿಕೊಳ್ಳುತ್ತದೆ. ಕೊನೆಗೆ ಏಣಿಯ ತುದಿಯಿಂದ ಪದ್ಮಶ್ರೀ ಅಂಗಾತ ಬೀಳುತ್ತಾರೆ. ಎದ್ದು ಮೀಸೆ ತಿರುವಿ, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಮತ್ತೆ ಹತ್ತುತ್ತಾರೆ. ಈ ಸಲ ಬೀಳುವುದಿಲ್ಲ. ಪಾಠ ಅಷ್ಟೇ.

"ಅಲ್ಲಿ ಒಡಿಶಾದೋರು, ಬಿಹಾರದೋರು, ಅಸ್ಸಾಮಿನೋರು ಎಲ್ಲಾ ಇದಾರೆ. ಯಾವ್ ಭಾಷೇಲಿ ಹೇಳೋಣ? ಬಿದ್ರೆ ಎಲ್ರಿಗೂ ಅರ್ಥ ಆಗುತ್ತೆ," ಎನ್ನುತ್ತಾರೆ ಪದ್ಮಶ್ರೀ. ಹೆಸರಿನ ಬಗ್ಗೆ ಕೇಳಿದರೆ ನಗುತ್ತಾರೆ. "ಅದು ನಮ್ಮಪ್ಪ ಕೊಟ್ಟಿದ್ದು, ಸರ್ಕಾರದೋರಲ್ಲ."

ಆ ಅಪ್ಪ ವೆಂಕಟರಾಮಪ್ಪ ಹೊಸಕೋಟೆ ಕಡೆಯ ಟೆಂಟ್ ಸಿನಿಮಾದಲ್ಲಿ ಯಂತ್ರ ಓಡಿಸುತ್ತಿದ್ದವರು. ಒಂದೇ ಚಿತ್ರವನ್ನು ಎರಡು ಟೆಂಟುಗಳು ಹಂಚಿಕೊಂಡು ತೋರಿಸುತ್ತಿದ್ದ ಕಾಲ. ಅಲ್ಲಿ ಮುಗಿದ ರೀಲು ಸೈಕಲ್ಲಿನಲ್ಲಿ ಇಲ್ಲಿಗೆ ಬರಬೇಕು. ಸೈಕಲ್ಲು ತಡವಾದರೆ ಜನ ಶಿಳ್ಳೆ ಹೊಡೆದು ಗಲಾಟೆ ಎಬ್ಬಿಸುತ್ತಿದ್ದರು. ಆಗ ವೆಂಕಟರಾಮಪ್ಪ ಹಳೆಯ ಮೂಕಿ ಹಾಸ್ಯದ ರೀಲೊಂದನ್ನು ಏರಿಸುತ್ತಿದ್ದರು. ಪರದೆಯ ಮೇಲೆ ಯಾರೋ ಮಹಡಿಯಿಂದ ಉರುಳುತ್ತಿದ್ದರು, ಓಡುವ ಗಾಡಿಯಿಂದ ಹಾರುತ್ತಿದ್ದರು, ಏನೂ ಆಗದವರಂತೆ ಬಟ್ಟೆ ಕೊಡವಿಕೊಂಡು ನಡೆಯುತ್ತಿದ್ದರು. ಸೈಕಲ್ಲು ತಡವಾಗಿಯೇ ಬರಲಿ ಎಂದು ಬೇಡಿಕೊಳ್ಳುತ್ತಿದ್ದ ಒಂದೇ ಜೀವ ಪುಟ್ಟ ಪದ್ಮಶ್ರೀ. ಮಾರನೆಯ ದಿನ ಬಣವೆಯಿಂದ ಹಾರುವುದೇ ಆಟ. ಅಮ್ಮನ ಕೈಲಿ ಏಟು ಬೀಳುತ್ತಿತ್ತು, ಆಟ ನಿಲ್ಲುತ್ತಿರಲಿಲ್ಲ.

ದೊಡ್ಡವರಾದ ಮೇಲೆ ಸಿನಿಮಾಗಳಲ್ಲಿ ನಾಯಕಿಯರ ಬದಲಿಗೆ ಬಿದ್ದರು. ಅದೂ ಸುಲಭಕ್ಕೆ ದಕ್ಕಿದ್ದಲ್ಲ. "ಗಂಡಸ್ರಿಗೇ ಸೀರೆ ಉಡಿಸಿ ಬೀಳಿಸೋರು. ನಾನ್ ಬೀಳ್ತೀನಿ ಅಂದ್ರೆ ನಗೋರು. ಒಂದಿನ ಯಾರನ್ನೂ ಕೇಳ್ದೆ ಮಹಡಿಯಿಂದ ಬಿದ್ದು ತೋರಿಸ್ಬಿಟ್ಟೆ. ಆಮೇಲೆ ನಗೋದು ನಿಲ್ಸಿದ್ರು," ಎಂದು ನೆನೆಯುತ್ತಾರೆ. ಅಲ್ಲಿ ಲೈಟ್ ಹಿಡಿಯುತ್ತಿದ್ದ ಕೆಂಪರಾಜು ಗಂಡನಾದರು, ಮುಂದೆ ಏಣಿ ಹಿಡಿಯುವವರೂ ಆದರು. ಪರದೆಯ ಮೇಲೆ ಪದ್ಮಶ್ರೀ ಅವರ ಬೆನ್ನನ್ನು ಸಾವಿರಾರು ಜನ ನೋಡಿದ್ದಾರೆ. ಮುಖವನ್ನು ಒಬ್ಬರೂ ನೋಡಿಲ್ಲ.

ಈ ದಂಪತಿಗೆ ಎರಡು ಕಟ್ಟುಪಾಡುಗಳಿವೆ. ಬೀಳುವವರು ತಮ್ಮ ಹುಲ್ಲುಚೀಲದ ಹಾಸಿಗೆಯನ್ನು ತಾವೇ ಹಾಸಿಕೊಳ್ಳಬೇಕು. ಕೆಳಗಿರುವವರು ಹಾಸಿಗೆ ನೋಡಿ, ಏಣಿಯನ್ನು ಅಂಗೈಯಿಂದ ಎರಡು ಸಲ ತಟ್ಟದೆ ಮೇಲಿರುವವರು ಕೈ ಬಿಡಬಾರದು. ಹೋದ ವರ್ಷ ಒಂದು ಕಾರ್ಖಾನೆಯಲ್ಲಿ ಅವಸರವಿತ್ತು. ಅಲ್ಲಿಯವರೇ ಪ್ರೀತಿಯಿಂದ ಚೀಲಗಳನ್ನು ಜೋಡಿಸಿಕೊಟ್ಟರು. ಟಾರ್ಪಾಲು ಮುಚ್ಚಿದ ಮೇಲೆ ಅಂದವಾಗಿಯೇ ಕಾಣುತ್ತಿತ್ತು. ಪದ್ಮಶ್ರೀ ಎತ್ತಿ ನೋಡದೆ ಏಣಿ ಹತ್ತಿದರು, ಕೆಂಪರಾಜು ತಟ್ಟಿದರು. ನಡುವಿನ ಎರಡು ಚೀಲಗಳ ಮಧ್ಯೆ ಸಂದು ಬಿಟ್ಟಿತ್ತು. ಭುಜದ ಮೂಳೆ ಮುರಿಯಿತು.

"ಜನ ನಗ್ತಾನೇ ಇದ್ರು. ನಾನೂ ಎದ್ದು ಇನ್ನೊಂದು ಕೈಲಿ ಮೀಸೆ ತಿರುವ್ದೆ," ಎನ್ನುವಾಗ ಅವರ ದನಿಯಲ್ಲಿ ನೋವಿಗಿಂತ ಸಿಟ್ಟೇ ಹೆಚ್ಚು. ಸಿಟ್ಟು ತಮ್ಮ ಮೇಲೆಯೇ.

ಮೂಳೆ ಕೂಡಿಕೊಂಡಿದೆ. ಆದರೆ ಕಾರ್ಖಾನೆಗಳಿಗೆ ಆಟ ಒದಗಿಸುವ ನೆಲಮಂಗಲದ ಬೈರೇಶ್ ಅವರ ಧೈರ್ಯ ಕೂಡಿಕೊಂಡಿಲ್ಲ. ಇನ್ನು ಬೀಳುವುದು ಬೇಡ, ಆಳೆತ್ತರದ ಬಟ್ಟೆ ಗೊಂಬೆಯೊಂದು ಬೀಳಲಿ, ಒಪ್ಪದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದಾರೆ. ಇವತ್ತಿನದು ಅದರ ಮೊದಲ ಪರೀಕ್ಷೆ. "ಪದ್ಮಕ್ಕ, ನಿಮಗೇನಾದ್ರೂ ಆದ್ರೆ ನಾನ್ ಯಾರಿಗೆ ಉತ್ತರ ಕೊಡ್ಲಿ?" ಎಂಬುದು ಅವರ ಸಂಕಟ. ಅದೂ ಸುಳ್ಳಲ್ಲ. ಪದ್ಮಶ್ರೀ ಹುಲ್ಲಿನ ಚೀಲಗಳನ್ನಂತೂ ಗಾಡಿಗೆ ಹೇರಿದ್ದಾರೆ.

ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ಸೋಂಪುರ ತಲುಪುವಾಗ ಬಿಸಿಲು ಏರಿದೆ. ಕಾರ್ಖಾನೆಯ ಅಂಗಳದಲ್ಲಿ ಪದ್ಮಶ್ರೀ ತಾವೇ ಚೀಲ ಹಾಸಿ, ಒಂದೊಂದನ್ನೂ ಮೊಣಕಾಲಿನಿಂದ ಒತ್ತಿ ನೋಡಿ, ಟಾರ್ಪಾಲು ಮುಚ್ಚುತ್ತಾರೆ. ಬೈರೇಶ್ ಹಣೆ ಒರೆಸಿಕೊಳ್ಳುತ್ತಾರೆ.

ಆಟ ಶುರುವಾಗುತ್ತದೆ. ಬೀಳುವ ಗಳಿಗೆಗೆ ಪದ್ಮಶ್ರೀ, ಬೈರೇಶ್ ಹೇಳಿದ ಹಾಗೆಯೇ, ಏಣಿ ಒರಗಿಸಿದ ದೊಡ್ಡ ಹಲಗೆಯ ಹಿಂದೆ ಸರಿಯುತ್ತಾರೆ. ಮೇಲಿನಿಂದ ಗೊಂಬೆ ಬೀಳುತ್ತದೆ. ಮುಂದಿನ ಸಾಲಿನಲ್ಲಿ ನಾಲ್ಕು ಜನ ನಗುತ್ತಾರೆ. ಹಿಂದಿನವರು ಮೊಬೈಲು ತೆಗೆಯುತ್ತಾರೆ. ಆಗ ಮೀಸೆಯ ಸುಣ್ಣದವನು ಹೊರಗೆ ಬಂದು ಗೊಂಬೆಯನ್ನು ಮೇಲಿಂದ ಕೆಳಗೆ ನೋಡಿ, ಕಂಕುಳಲ್ಲಿ ಹೊತ್ತೊಯ್ದು ಮುಂದಿನ ಸಾಲಿನಲ್ಲಿ ಕೂರಿಸುತ್ತಾನೆ. ಅದರ ಗದ್ದ ಹಿಡಿದು ಏಣಿಯತ್ತ ತಿರುಗಿಸುತ್ತಾನೆ. ನೋಡು, ಕಲಿತುಕೋ ಎನ್ನುವಂತೆ. ಅಂಗಳ ಗೊಳ್ಳೆಂದು ನಗುತ್ತದೆ. ಮೊಬೈಲುಗಳು ಜೇಬಿಗೆ ಮರಳುತ್ತವೆ.

ಪದ್ಮಶ್ರೀ ಏಣಿ ಹತ್ತತೊಡಗುತ್ತಾರೆ. "ಅಕ್ಕ, ಬೇಡ," ಎಂದು ಹಲಗೆಯ ಹಿಂದಿನಿಂದ ಬೈರೇಶ್ ಪಿಸುಗುಡುತ್ತಾರೆ. ಈಗ ಎಲ್ಲವೂ ಇರುವುದು ಕೆಂಪರಾಜು ಅವರ ಅಂಗೈಯಲ್ಲಿ. ಅವರು ತಟ್ಟದಿದ್ದರೆ ಹೆಂಡತಿ ಬೀಳುವುದಿಲ್ಲ. ಮುಖದ ತುಂಬ ಸುಣ್ಣ ಮೆತ್ತಿಕೊಂಡ ಆ ಮನುಷ್ಯ ಟಾರ್ಪಾಲು ಎತ್ತಿ ಒಂದೊಂದೇ ಚೀಲ ಮುಟ್ಟಿ ನೋಡುತ್ತಾರೆ. ಅದನ್ನೂ ತಮಾಷೆಯೆಂದುಕೊಂಡು ಜನ ನಗುತ್ತಾರೆ. ಟಾರ್ಪಾಲು ಮುಚ್ಚಿ, ತಲೆಯೆತ್ತಿ ಹೆಂಡತಿಯನ್ನು ನೋಡಿ, ಏಣಿಯನ್ನು ಎರಡು ಸಲ ತಟ್ಟುತ್ತಾರೆ.

ಪದ್ಮಶ್ರೀ ಕೈ ಬಿಡುತ್ತಾರೆ. ಅಂಗಳ ಉಸಿರು ಹಿಡಿಯುತ್ತದೆ. ಸುಣ್ಣದ ಧೂಳು ಏಳುತ್ತದೆ. ಅದರೊಳಗಿನಿಂದ ಮೊದಲು ರುಮಾಲು, ಆಮೇಲೆ ಮುಖ, ಆಮೇಲೆ ಮೀಸೆ ತಿರುವುತ್ತಿರುವ ಕೈ. ಮುರಿದಿದ್ದ ಭುಜದ ಕಡೆಯದೇ ಕೈ. ಆಮೇಲಿನ ಗದ್ದಲದಲ್ಲಿ ಶಿಫ್ಟಿನ ಗಂಟೆ ಯಾರಿಗೂ ಕೇಳಿಸುವುದಿಲ್ಲ.

"ಗೊಂಬೆಗೆ ನೋವಾಗಲ್ಲ ಅಂತ ಎಲ್ರಿಗೂ ಗೊತ್ತು, ಅದಕ್ಕೇ ನಗು ಬರಲ್ಲ," ಎನ್ನುತ್ತಾರೆ ಪದ್ಮಶ್ರೀ, ಆಟ ಮುಗಿದ ಮೇಲೆ ನಲ್ಲಿಯ ಕೆಳಗೆ ಮುಖ ತೊಳೆಯುತ್ತ. "ನಂಗೇನೋ ಆಗೋಯ್ತು ಅಂತ ಅವ್ರಿಗೆ ಎದೆ ಝಲ್ ಅನ್ಬೇಕು. ಎದ್ದಾಗ ನಗ್ತಾರಲ್ಲ, ಅದು ನಾನ್ ಉಳ್ಕೊಂಡೆ ಅನ್ನೋ ಖುಷಿಗೆ."

ಬೈರೇಶ್ ಗೊಂಬೆಯನ್ನು ಮಡಚಿ ಕಾರಿನ ಡಿಕ್ಕಿಗೆ ತುರುಕಿ ಬರುತ್ತಾರೆ. ಕೋಪ ಇನ್ನೂ ಇಳಿದಿಲ್ಲ. "ಆಯ್ತು, ಮುಂದಿನ ವಾರಾನೂ ನೀವೇ ಬೀಳಿ. ಆದ್ರೆ ಇನ್ನೆಷ್ಟು ದಿನ ಅಕ್ಕ? ಒಂದಲ್ಲ ಒಂದಿನ ಇಳೀಲೇಬೇಕಲ್ವಾ?"

ಪದ್ಮಶ್ರೀ ಮೀಸೆಯನ್ನು ನಿಧಾನಕ್ಕೆ ಬಿಡಿಸಿ ಡಬ್ಬಿಯಲ್ಲಿಡುತ್ತಾರೆ.

"ಇಳೀತೀನಿ ಬೈರೇಶಪ್ಪ. ಆ ದಿನ ನಾನೇ ಒಂದೊಂದೇ ಮೆಟ್ಲು ಇಳ್ಕೊಂಡು ಬರ್ತೀನಿ. ನನ್ನನ್ನ ಯಾರೂ ಇಳಿಸೋದು ಬೇಡ."