ಮೈಕತ್ತೆಯ ಮಾತು ಕೇಳಿದ ಸಾಹೇಬರು

ನಮ್ಮ ಸೋದರತ್ತೆಯನ್ನು ಪೇಟೆಯವರೆಲ್ಲ ಮೈಕತ್ತೆ ಅಂತಲೇ ಕರೆಯುತ್ತಿದ್ದರು. ಬಸ್ ನಿಲ್ದಾಣದ ಎದುರು ಅವಳದೊಂದು ಅಂಗಡಿ. ಮದುವೆಗೆ, ಸಭೆಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದಳು. ವೈರು ಸುತ್ತುವುದು, ಸ್ಪೀಕರ್ ಹೊರುವುದು ಮಾವನ ಪಾಲು. ಬಾಗಿಲಲ್ಲಿ ನಿಂತು ಮೈಕ್ ಪರೀಕ್ಷಿಸುವುದು ಮಾತ್ರ ಅತ್ತೆಯದೇ. ಬರೀ “ಹಲೋ ಹಲೋ” ಅನ್ನುವುದು ಅವಳಿಗೆ ಸಪ್ಪೆ. ಬೀದಿಯಲ್ಲಿ ಕಣ್ಣಿಗೆ ಬಿದ್ದವರ ಮೇಲೆಯೇ ಪರೀಕ್ಷೆ. “ದರ್ಜಿಯಣ್ಣಾ, ನಿನ್ನ ಅಂಗಿ ಗುಂಡಿಯೇ ಕಿತ್ತುಹೋಗಿದೆಯಲ್ಲೋ!”

ಒಂದು ದಿನ ಹೊಸದಾಗಿ ಬಂದಿದ್ದ ಪೊಲೀಸ್ ಸಾಹೇಬರು ಮಫ್ತಿಯಲ್ಲಿ ಸ್ಕೂಟರ್ ಮೇಲೆ ಹಾದುಹೋದರು. ಯಾರೆಂದು ಅತ್ತೆಗೆ ಗೊತ್ತಿರಲಿಲ್ಲ.

“ಹೆಲ್ಮೆಟ್ ಇಲ್ಲದ ಸ್ಕೂಟರಣ್ಣಾ, ಇರೋದು ಒಂದೇ ತಲೆ, ಜೋಪಾನ!”

ಬಸ್ಸಿಗೆ ಕಾದಿದ್ದವರೆಲ್ಲ ಗೊಳ್ಳೆಂದರು.

ಮಾರನೆಯ ದಿನವೇ ಆ ಸಾಹೇಬರ ಸಹಿಯೊಂದಿಗೆ ಆದೇಶ ಬಂತು: ಸಾರ್ವಜನಿಕ ಶಾಂತಿಗೆ ಧಕ್ಕೆ, ಮೈಕ್ ಲೈಸೆನ್ಸ್ ರದ್ದು. ಕೇಳೋಣವೆಂದು ಹೋದರೆ ಠಾಣೆಯ ಬಾಗಿಲಲ್ಲೇ ತಿರುಗಿಸಿ ಕಳಿಸಿದರು. ಅತ್ತೆಗೆ ಲೈಸೆನ್ಸ್ ಹೋದದ್ದಕ್ಕಿಂತ ಇದೇ ಮೈ ಉರಿಸಿತು.

“ನಾನು ಬಾಯಿ ಬಿಡೋ ಮುಂಚೆಯೇ ತೀರ್ಮಾನವಾ? ನನ್ನ ಬಾಯಿ ಮುಚ್ಚಿಸೋಕೆ ನಿಮ್ಮ ಮಾವನ ಕೈಲೇ ಆಗಿಲ್ಲ!” ಎಂದವಳೇ ವಕೀಲೆಯೊಬ್ಬರನ್ನು ಹಿಡಿದು ದೊಡ್ಡ ಕೋರ್ಟಿನ ಮೆಟ್ಟಿಲು ಹತ್ತಿದಳು.

ನ್ಯಾಯಾಧೀಶರು ಸರ್ಕಾರಿ ವಕೀಲರನ್ನು ಕೇಳಿದರು: “ಲೈಸೆನ್ಸ್ ರದ್ದು ಮಾಡೋ ಮೊದಲು ಈಕೆಯ ಮಾತು ಕೇಳಿದ್ರಾ?”

“ಇಡೀ ಬೀದಿಗೇ ಕೇಳಿಸ್ತಿತ್ತು, ಮಹಾಸ್ವಾಮಿ.”

“ಕಿವಿಗೆ ಬೀಳೋದು ಬೇರೆ, ಕೇಳೋದು ಬೇರೆ,” ಎಂದು ನಕ್ಕು ಅವರು ಆದೇಶವನ್ನು ರದ್ದುಮಾಡಿದರು. ಲೈಸೆನ್ಸ್ ಕೊಡಬೇಕೋ ಬೇಡವೋ ಅನ್ನುವುದು ಪೊಲೀಸರಿಗೆ ಬಿಟ್ಟದ್ದು. ಆದರೆ ಆಕೆಯ ಮಾತು ಪೂರ್ತಿ ಕೇಳಿ, ಕಾರಣ ಬರೆದು ಹೊಸದಾಗಿ ತೀರ್ಮಾನಿಸಬೇಕು ಎಂದರು.

ಹೊರಗೆ ಬಂದ ಅತ್ತೆ ಪೆಚ್ಚಾಗಿದ್ದಳು. “ಗೆದ್ವಾ, ಸೋತ್ವಾ?”

“ಗೆದ್ವಿ. ಆದರೆ ಅದೇ ಸಾಹೇಬರ ಮುಂದೆ ಹೋಗಿ ಹೇಳ್ಕೋಬೇಕು,” ಎಂದರು ವಕೀಲೆ.

“ಎಷ್ಟು ಹೊತ್ತು ಮಾತಾಡಬಹುದು?”

“ಪೂರ್ತಿ ಕೇಳಬೇಕು ಅಂದಿದ್ದಾರಲ್ಲ!”

ಅತ್ತೆಯ ಮುಖ ಅರಳಿತು. ಮಾವ ಮೆಲ್ಲಗೆ, “ಪಾಪ, ಸಾಹೇಬರು,” ಎಂದ.

ವಿಚಾರಣೆಯ ದಿನ ನಾನೂ ಜೊತೆಗಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು, ತನ್ನಪ್ಪ ಮೊದಲ ಸ್ಪೀಕರ್ ತಂದ ಕಥೆಯಿಂದ ಶುರುಮಾಡಿದಳು. ಅದು ಸುಟ್ಟುಹೋದದ್ದು, ಮದುಮಗ ಮೈಕ್ ಮುಂದೆಯೇ ಆಕಳಿಸಿದ್ದು, ಎಲ್ಲ ಬಂತು. ಸಾಹೇಬರು ಗಡಿಯಾರ ನೋಡಿದರು. ಚಹಾ ತರಿಸಿದರು. ಎದ್ದು ಹೋಗುವ ಹಾಗಿಲ್ಲ, ಕೋರ್ಟಿನ ಮಾತು. ಬಾಗಿಲಲ್ಲಿ ಕಾನ್‌ಸ್ಟೇಬಲ್‌ಗಳು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

ಊಟದ ಹೊತ್ತಾಯಿತು. ಅತ್ತೆ ಉಸಿರು ತೆಗೆದುಕೊಂಡು, “ಅವತ್ತು ಹೆಲ್ಮೆಟ್ ಯಾಕೆ ಹಾಕಿರಲಿಲ್ಲ ಸಾರ್?” ಎಂದಳು.

ಸಾಹೇಬರು ಸೋತ ದನಿಯಲ್ಲಿ, “ಆಗಷ್ಟೇ ಕೂದಲಿಗೆ ಬಣ್ಣ ಹಚ್ಚಿಸಿದ್ದೆ ಅಮ್ಮಾ, ಹೆಲ್ಮೆಟ್ಟಿಗೆ ಅಂಟುತ್ತೆ ಅಂತ...” ಎಂದರು.

ಅತ್ತೆ ಮುಂದಕ್ಕೆ ಬಗ್ಗಿ ಅವರ ಕೂದಲನ್ನೊಮ್ಮೆ ದಿಟ್ಟಿಸಿದಳು. ಆಮೇಲೆ, “ಮೊದಲೇ ಹೇಳಬಾರದಿತ್ತಾ? ಮೈಕಲ್ಲಿ ಅಂದದ್ದು ನಂದೂ ತಪ್ಪೇ,” ಎಂದಳು. ಇಬ್ಬರೂ ನಕ್ಕರು.

ಲೈಸೆನ್ಸ್ ವಾಪಸ್ ಬಂತು, ಒಂದು ಷರತ್ತಿನೊಂದಿಗೆ: ಮೈಕ್ ಪರೀಕ್ಷೆಯಲ್ಲಿ “ಒಂದು, ಎರಡು, ಮೂರು” ಬಿಟ್ಟು ಬೇರೇನೂ ಆಡಕೂಡದು. ಅತ್ತೆ ಚಾಚೂ ತಪ್ಪದೆ ಪಾಲಿಸುತ್ತಾಳೆ. ಬೀದಿಯವರ ಬಗ್ಗೆ ಆಡಬೇಕಾದ್ದನ್ನೆಲ್ಲ ಕೂಡಿಟ್ಟುಕೊಂಡು ಬಂದು ಮನೆಯಲ್ಲಿ ಸುರಿಯುತ್ತಾಳೆ.

ಮಾವ ವಕೀಲೆಯವರಿಗೆ ಫೋನ್ ಮಾಡಿ ಕೇಳಿದನಂತೆ, ಈ ಷರತ್ತಿನ ಮೇಲೆ ತಾನೂ ಒಂದು ಕೇಸು ಹಾಕಬಹುದಾ ಅಂತ.