ಒಂದು ರಾತ್ರಿ ಕಳೀಲಿ

ಬೆಳಗಿನ ಏಳು ಗಂಟೆಗೆ ಮಾವನವರು ಹಾಸಿಗೆಯ ಮೇಲೆ ಎದ್ದು ಕೂತು, ಅರಳಿಸಿದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿ, "ತಂಗೀ, ಕಿಡಕಿ ತಗೀ. ಇನ್ನೂ ಬೆಳಗಾಗಿಲ್ಲೇನ?" ಎಂದರು. ಕಿಟಕಿ ತೆರೆದೇ ಇತ್ತು. ಬಿಸಿಲು ಅವರ ಮೊಣಕಾಲಿನ ಮೇಲೆ ಬಿದ್ದಿತ್ತು.

ಧಾರವಾಡ ಬಿಟ್ಟು ಬಂದು ಪುಣೆಯ ದಂಡಿನ ಕ್ಯಾಂಪಿನಲ್ಲಿ ಗುಮಾಸ್ತರಾಗಿದ್ದ ಅವರಿಗೆ ಇದ್ದದ್ದು ಒಂದೇ ಶೋಕಿ: ಕಾಲಕ್ಕೆ ತಕ್ಕ ಪೇಯ ಬೆರೆಸುವುದು. ಚಳಿಗೆ ಕಿತ್ತಳೆ ರಸ, ಲವಂಗ, ಬ್ರಾಂಡಿ. ಮಳೆಗೆ ಶುಂಠಿ, ಲಿಂಬೆ, ರಮ್. ಬೇಸಿಗೆಯಲ್ಲಿ ಸುಟ್ಟ ಮಾವಿನಕಾಯಿಯ ಪಾನಕ, ಅಂದರೆ ಪನ್ಹಕ್ಕೆ ಜಿನ್. ಎರಡು ಹಿತ್ತಾಳೆ ತಂಬಿಗೆಗಳನ್ನು ಬಾಯಿಗೆ ಬಾಯಿ ಕೂಡಿಸಿ ಹಿಡಿದು ಅವರು ಅಲುಗಾಡಿಸತೊಡಗಿದರೆ ಒಳಗಿನ ಬರ್ಫದ ಸದ್ದು ಓಣಿಗೆಲ್ಲ ಕೇಳುತ್ತಿತ್ತು.

"ಸುರದವ ಮೊದಲ ಕುಡೀಬೇಕು. ಬಾಟ್ಲಿ ಹೊಸಾದಿದ್ರ ಒಂದು ರಾತ್ರಿ ಕಳೀಲಿ," ಎನ್ನುತ್ತಿದ್ದರು. ಹೊಸ ಬಾಟಲಿ ತಂದ ಸಂಜೆ ತಾವೊಬ್ಬರೇ ಒಂದು ಗ್ಲಾಸು ಕುಡಿದು, ಮರುದಿನ ಎದ್ದು "ತಲೀ ನೆಟ್ಟಗದ" ಎಂದ ಮೇಲೆಯೇ ಉಳಿದವರಿಗೆ.

"ಮೊದಲನೇ ಗ್ಲಾಸು ಹೊಡಿಯೋ ಹುನ್ನಾರ ಅಲ್ಲೇನ್ರಿ ಇದು?" ಎಂದು ನನ್ನ ಗಂಡ ಕೆಣಕುತ್ತಿದ್ದರು.

"ಹೌದಪಾ, ನಿಮ್ಮಪ್ಪ ಭಾಳ ಆಸೆಬುರುಕ!"

ಯುದ್ಧದ ದಿನಗಳವು, ವಿಲಾಯತಿ ಜಿನ್ ಸಿಗುತ್ತಿರಲಿಲ್ಲ. ಹಿಂದಿನ ಸಂಜೆ ಯಾರೋ ಅಪರಿಚಿತ ಜಿನ್ ಎಂದು ಮಾರಿದ ಬಾಟಲಿಯನ್ನು ಪನ್ಹಕ್ಕೆ ಬೆರೆಸಿ, ತಮ್ಮ ಗ್ಲಾಸು ಮುಗಿಸಿ, ಉಳಿದದ್ದನ್ನು ಹೂಜಿಯಲ್ಲಿ ತಣಿಯಲಿಟ್ಟಿದ್ದರು. ಆ ಭಾನುವಾರ ನಸುಕಿನಲ್ಲೇ ಗೆಳೆಯರೊಂದಿಗೆ ನದಿದಂಡೆಗೆ ಹೊರಟ ನನ್ನ ಗಂಡ ಅಪ್ಪನನ್ನು ಎಬ್ಬಿಸದೆ ಹೂಜಿ ಎತ್ತಿಕೊಂಡು ಹೋಗಿಬಿಟ್ಟಿದ್ದರು.

"ಹೂಜಿ ಎಲ್ಲದ?" ಮಾವನವರು ಗಾಳಿಯಲ್ಲಿ ಕೈ ಆಡಿಸಿದರು.

"ಅವರು ಒಯ್ದಾರ್ರಿ."

"ಒಂದು ಗುಟುಕೂ ಹೋಗಬಾರದು ಅಂವನ ಬಾಯಾಗ. ನನ್ನ ಬಿಡು. ಓಡು!"

ಡಾಕ್ಟರನ್ನು ಕರೆಸಿರೆಂದು ಪಕ್ಕದ ಮನೆಗೆ ಕೂಗಿ, ಹಿಂದೆ ನಾನು ಕಾಲೇಜಿಗೆ ಒಯ್ಯುತ್ತಿದ್ದ ಹಳೆಯ ಸೈಕಲ್ ಹತ್ತಿದೆ. ಸೆರಗು ಚೈನಿಗೆ ಸಿಕ್ಕಿ ಹರಿಯಿತು. ಸುರಿದವ ಮೊದಲು ಕುಡಿಯಬೇಕು. ಅಪ್ಪನ ಈ ಪದ್ಧತಿಯನ್ನು ಮಗ ಎಂದೂ ಮುರಿದವರಲ್ಲ. ಪೆಡಲಿನೊಂದಿಗೆ ಆ ಮಾತೂ ತಿರುಗುತ್ತಿತ್ತು. ಈಗಲೂ ಒಮ್ಮೊಮ್ಮೆ ತಿರುಗುತ್ತದೆ.

ಮರದ ನೆರಳಲ್ಲಿ ಗೆಳೆಯರು ಕೂತಿದ್ದರು. "ಕುಡೀ ಲೇ, ನಿನ್ನದಾದ ಮ್ಯಾಲ ನಮ್ಮದು!" ಎಂದು ಒಬ್ಬರು ಅವಸರಪಡಿಸುತ್ತಿದ್ದರು. ಗ್ಲಾಸು ನನ್ನ ಗಂಡನ ತುಟಿಯ ಹತ್ತಿರವಿತ್ತು. ಸೈಕಲ್ ಸಮೇತ ಅವರ ಮೇಲೆ ಬಿದ್ದೆ.

"ಹುಚ್ಚು ಹಿಡದದೇನ ನಿನಗ?"

"ಮಾವಾರಿಗೆ ಕಣ್ಣ ಕಾಣಸವಲ್ವು! ಕುಡದ್ರೇನ? ಖರೇ ಹೇಳ್ರಿ!"

"ಇಲ್ಲ."

ನಂಬದೆ, ಎಲ್ಲರೆದುರು ಅವರ ಬಾಯಿ ಮೂಸಿದೆ. ಆಮೇಲೆ ಹೂಜಿಯನ್ನು ಕಲ್ಲಿಗೆ ಅಪ್ಪಳಿಸಿದೆ.

ಬಾಟಲಿಯಲ್ಲಿದ್ದದ್ದು ಮರಕ್ಕೆ ಹಚ್ಚುವ ಪಾಲಿಶಿನ ಸ್ಪಿರಿಟ್ ಎಂದರು ಡಾಕ್ಟರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ. ಅಂದಿನಿಂದ ಮಾವನವರು ರಾತ್ರಿಯೆಲ್ಲ ಮಗನನ್ನು ಎಬ್ಬಿಸಿ, "ದೀಪ ಕಾಣಸ್ತದೇನಪಾ?" ಎಂದು ಕೇಳುತ್ತಿದ್ದರು. ಕಾಣಸ್ತದ ಎಂದರೂ ನಂಬುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನನಗೆ ಆ ಗ್ಲಾಸು. ಮನೆಯಲ್ಲಿ ನಿದ್ದೆ ಎಂಬುದೇ ಉಳಿಯಲಿಲ್ಲ.

ಮುಂದಿನ ಬೇಸಿಗೆಯಲ್ಲಿ ತಾವಾಗಿಯೇ ಮಾವಿನಕಾಯಿ ಕೇಳಿದರು. ನಾನು ಸುಟ್ಟುಕೊಟ್ಟದ್ದನ್ನು ಬೆರಳಲ್ಲೇ ಸಿಪ್ಪೆ ತಡಕಿ ಸುಲಿದರು, ಹಿಂಡಿದರು. ಬೆಲ್ಲ, ಉಪ್ಪು, ಏಲಕ್ಕಿ, ಅಷ್ಟೇ. ಬಹಳ ದಿನಗಳ ಮೇಲೆ ತಂಬಿಗೆಗಳ ಸದ್ದು ಕೇಳಿತು. ತಾವು ಒಂದು ಗ್ಲಾಸು ಕುಡಿದು, ಉಳಿದದ್ದನ್ನು ಪಕ್ಕಕ್ಕೆ ಸರಿಸಿ, "ಒಂದು ರಾತ್ರಿ ಕಳೀಲಿ," ಎಂದರು. ಬರಿ ಪನ್ಹ. ಆದರೂ ನಮ್ಮಲ್ಲಿ ಯಾರೂ ನಗಲಿಲ್ಲ.

ಆ ರಾತ್ರಿ ಅವರು ಯಾರನ್ನೂ ಕರೆಯಲಿಲ್ಲ. ಹಾಲಿನವನು ಬಾಗಿಲು ಬಡಿದಾಗಲೇ ನನಗೆ ಎಚ್ಚರ. ಗಾಬರಿಯಿಂದ ಓಡಿದೆ. ಮಾವನವರು ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು.

"ತಲೀ ನೆಟ್ಟಗದ, ತಂಗೀ," ಎಂದರು. "ಈಗ ಕೊಡು ಅಂವಗ."